ಆರು ಹಾಡುಗಳು, ಎರಡು ತಿಂಗಳು: ಹಳಿ ತಪ್ಪಿದ ಒಂದು ಮರುಪ್ರವೇಶದ ಪ್ರಕರಣ

ಈ ಪ್ರಕರಣ ನಡೆದದ್ದು ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ, 2010ರಲ್ಲಿ. ಹೊಸ ಆಲ್ಬಮ್‌ನೊಂದಿಗೆ ಮರಳಿದ ಗಾಯಕಿಯೊಬ್ಬರಿಗೆ ಒಬ್ಬ ಸಂಯೋಜಕ ತನ್ನವೆಂದು ಕೊಟ್ಟ ಆರು ಹಾಡುಗಳು ವಿದೇಶಿ ಹಾಡುಗಳಿಂದ ಕದ್ದವು ಎಂದು ಹೊರಬಿದ್ದ ಕಥೆಯಿದು. ಗಾಯಕಿ, ಧ್ವನಿಮುದ್ರಣ ಕಂಪನಿ, ಸಂಯೋಜಕ, ಜಾಹೀರಾತುದಾರರು, ಇವರಲ್ಲಿ ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. ಆಲ್ಬಮ್ಮಿನ ಹೆಸರೂ ಇಲ್ಲ. ಕೊರಿಯಾದ ಸಂಗೀತವನ್ನು ಬಲ್ಲವರಿಗೆ ಯಾರೆಂದು ಹೊಳೆದೀತು. ಹೊಳೆದರೂ ಆ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಓದಿ ಎಂದು ಕೇಳಿಕೊಳ್ಳುತ್ತೇನೆ. ಹೆಸರು ಎದುರಿಗಿದ್ದರೆ ನಾವು ಆ ವ್ಯಕ್ತಿಯ ಮೇಲಿನ ಪ್ರೀತಿ ಅಥವಾ ಸಿಟ್ಟಿನ ಮೇಲೆ ತೀರ್ಪು ಕೊಟ್ಟುಬಿಡುತ್ತೇವೆ. ನನಗೆ ಮುಖ್ಯವಾಗಿರುವುದು ಯಾರು, ಯಾವಾಗ, ಏನನ್ನು ನಂಬಿ ಯಾವ ನಿರ್ಧಾರ ತೆಗೆದುಕೊಂಡರು ಎಂಬುದು.

ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೊದಲ್ಲಿ ಹಾಡುಗಳ ಒಪ್ಪಂದಪತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಹೊಸಬರು ಟ್ಯೂನ್ ತಂದು ಕೊಟ್ಟಾಗ ನಾನು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಈ ಪ್ರಕರಣವನ್ನು ಓದಿದ ಮೇಲೆ ಹುಟ್ಟಿಕೊಂಡವು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಗಾಯಕಿ 1998ರಲ್ಲಿ ನಾಲ್ವರು ಹುಡುಗಿಯರ ತಂಡದಲ್ಲಿ ಒಬ್ಬರಾಗಿ ವೇದಿಕೆ ಹತ್ತಿದವರು. 2003ರಲ್ಲಿ ಒಬ್ಬರೇ ಹಾಡಿದ ಮೊದಲ ಆಲ್ಬಮ್ ಬಂತು. ಅದೇ ವರ್ಷದ ಕೊನೆಯಲ್ಲಿ ಕೆಬಿಎಸ್ ಮತ್ತು ಎಸ್‌ಬಿಎಸ್ ಎರಡೂ ವಾಹಿನಿಗಳ ವಾರ್ಷಿಕ ಸಂಗೀತ ಸಮಾರಂಭಗಳಲ್ಲಿ ಅತ್ಯುನ್ನತ ಪ್ರಶಸ್ತಿ ಅವರದಾಯಿತು. ಅಲ್ಲಿಂದ ಮುಂದೆ ಅವರು ಏನು ಉಟ್ಟರು, ಏನು ಕುಡಿದರು, ಯಾವ ಫೋನ್ ಹಿಡಿದರು ಎಂಬುದೆಲ್ಲ ಸುದ್ದಿ. ಜಾಹೀರಾತು ಲೋಕದಲ್ಲಿ ಅವರ ಮುಖಕ್ಕೆ ಹಾಡಿಗಿಂತ ಹೆಚ್ಚಿನ ಬೆಲೆ ಇತ್ತೆಂದರೂ ಅತಿಶಯೋಕ್ತಿಯಲ್ಲ.

2006ರ ಎರಡನೇ ಆಲ್ಬಮ್ ಎಡವಿತು. ಅದರ ಮುಖ್ಯ ಹಾಡು ಅಮೆರಿಕದ ಪ್ರಸಿದ್ಧ ಗಾಯಕಿಯೊಬ್ಬರ ಹಾಡನ್ನು ಹೋಲುತ್ತದೆ ಎಂಬ ದೂರು ಎದ್ದಿತು. ಸಂಯೋಜಕ ಒಪ್ಪಲಿಲ್ಲ. ಆದರೂ ಆ ಹಾಡಿನ ಪ್ರಚಾರವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ನಾಲ್ಕು ವರ್ಷಗಳ ನಂತರ ಕೇಳುಗರು ಮೊದಲು ನೆನೆದದ್ದು ಇದನ್ನೇ.

2008ರ ಮೂರನೇ ಆಲ್ಬಮ್ ಅವರನ್ನು ಮತ್ತೆ ಮೇಲೆತ್ತಿತು. ಅದೇ ವರ್ಷ ವಾರಾಂತ್ಯದ ಒಂದು ಟಿವಿ ಕಾರ್ಯಕ್ರಮ ಶುರುವಾಯಿತು. ತಾರೆಯರು ಹಳ್ಳಿಯ ಮನೆಯೊಂದರಲ್ಲಿ ರಾತ್ರಿ ತಂಗಿ, ಹೊಲದ ಕೆಲಸ ಮಾಡಿ, ತಾವೇ ಅಡುಗೆ ಮಾಡಿ ಉಣ್ಣುವ ಕಾರ್ಯಕ್ರಮವದು. ಬೆಳಿಗ್ಗೆ ಊದಿದ ಮುಖ, ಕೆದರಿದ ಕೂದಲಿನಲ್ಲಿ ಎದ್ದು ಬರುವ ಈ ಗಾಯಕಿಯನ್ನು ಕಂಡು ಜನ ಹೊಸದಾಗಿ ಪ್ರೀತಿಸಿದರು. 2009ರ ಡಿಸೆಂಬರ್‌ನಲ್ಲಿ ಆ ವಾಹಿನಿಯ ಮನರಂಜನಾ ವಿಭಾಗದ ಅತಿ ದೊಡ್ಡ ಪ್ರಶಸ್ತಿಯನ್ನು ಸಹನಿರೂಪಕರೊಂದಿಗೆ ಹಂಚಿಕೊಂಡರು. 2010ರ ಫೆಬ್ರುವರಿಯಲ್ಲಿ ಆ ಕಾರ್ಯಕ್ರಮವನ್ನು ಬಿಟ್ಟರು. ಹಾಡಿಗೆ ಮರಳುವ ಸಮಯ ಬಂದಿತ್ತು.

ಕೊರಿಯಾದ ಸಂಗೀತದಲ್ಲಿ ‘ಕಮ್‌ಬ್ಯಾಕ್’ ಎಂಬ ಪದದ ಬಳಕೆಯನ್ನು ಸ್ವಲ್ಪ ವಿವರಿಸಬೇಕು. ನಿವೃತ್ತರಾದವರು ಮರಳಿ ಬರುವುದಕ್ಕೆ ಮಾತ್ರವಲ್ಲ, ಪ್ರತಿ ಹೊಸ ಆಲ್ಬಮ್‌ನೊಂದಿಗೆ ವೇದಿಕೆಗೆ ಬರುವುದಕ್ಕೂ ಅಲ್ಲಿ ಇದೇ ಪದ. ಶುಕ್ರವಾರ ಕೆಬಿಎಸ್, ಶನಿವಾರ ಎಂಬಿಸಿ, ಭಾನುವಾರ ಎಸ್‌ಬಿಎಸ್, ಹೀಗೆ ವಾಹಿನಿಗಳ ಸಂಗೀತ ಕಾರ್ಯಕ್ರಮಗಳಲ್ಲಿ ವಾರಗಟ್ಟಲೆ ಒಂದೇ ಹಾಡನ್ನು ಪ್ರದರ್ಶಿಸುತ್ತಾರೆ. ಮೊದಲು ಆಲ್ಬಮ್ಮಿನ ಮುಖ್ಯ ಹಾಡು. ಅದರ ಕಾವು ಇಳಿಯುತ್ತಿದ್ದಂತೆ ಅದೇ ಆಲ್ಬಮ್‌ನಿಂದ ಎರಡನೆಯ ಹಾಡನ್ನು ವೇದಿಕೆಗೆ ತರುತ್ತಾರೆ. ಉಡುಪು, ನೃತ್ಯ, ವಿಡಿಯೊ, ಜಾಹೀರಾತು ಎಲ್ಲವೂ ಈ ಸರಪಳಿಗೆ ಹೊಂದಿಕೊಂಡೇ ನಡೆಯುತ್ತವೆ. ಎಲ್ಲಾದರೂ ಒಂದು ಕೊಂಡಿ ತುಂಡಾದರೆ ಉಳಿದದ್ದೆಲ್ಲ ಜೋತುಬೀಳುತ್ತದೆ.

ಈ ಸಲ ಪಣ ದೊಡ್ಡದಿತ್ತು. ಗಾಯಕಿಗೆ ಮೂವತ್ತು ದಾಟಿತ್ತು. ಹದಿಹರೆಯದ ಹುಡುಗಿಯರ ಹೊಸ ತಂಡಗಳು ಸಾಲುಗಟ್ಟಿ ಬರುತ್ತಿದ್ದ ಕಾಲ. ತಾನಿನ್ನೂ ಟಿವಿಯ ನಗುಮುಖ ಮಾತ್ರವಲ್ಲ, ಸಂಗೀತಗಾರ್ತಿ ಎಂದು ತೋರಿಸಬೇಕಿತ್ತು. ಅದಕ್ಕಾಗಿ ಹಿಪ್‌ಹಾಪ್ ಛಾಯೆಯ, ಹದಿನಾಲ್ಕು ಹಾಡುಗಳ ಪೂರ್ಣ ಆಲ್ಬಮ್ ಸಿದ್ಧವಾಯಿತು. ಅದರ ನಿರ್ಮಾಣದ ಹೊಣೆಯನ್ನೂ ಗಾಯಕಿಯೇ ಹೊತ್ತರು. ಯಾವ ಹಾಡು ಇರಬೇಕು, ಯಾವುದು ಬೇಡ, ಆಲ್ಬಮ್ಮಿನ ಬಣ್ಣ ಯಾವುದು ಎಂಬ ಆಯ್ಕೆಯಲ್ಲಿ ಅವರ ಮಾತು ನಡೆಯಿತು, ಪ್ರಚಾರದಲ್ಲಿಯೂ ಅದನ್ನು ಎತ್ತಿ ಹೇಳಲಾಯಿತು.

ಹಾಡುಗಳು ಬಂದ ದಾರಿ

ಹದಿನಾಲ್ಕರಲ್ಲಿ ಅರ್ಧದ ಹತ್ತಿರದಷ್ಟು ಹಾಡುಗಳು ಒಬ್ಬನೇ ಸಂಯೋಜಕನಿಂದ ಬಂದವು. ಆತ ಹೊಸಬ. ದೊಡ್ಡ ಗಾಯಕರಿಗೆ ಹಾಡು ಕೊಟ್ಟು ಹೆಸರು ಮಾಡಿದವನಲ್ಲ. ಆದರೆ ಕೊಟ್ಟ ಹಾಡುಗಳು ಚೆನ್ನಾಗಿದ್ದವು. ವಿದೇಶಿ ಸೊಗಡಿನ, ಆಗಿನ ಕೊರಿಯಾದ ಜನಪ್ರಿಯ ಹಾಡುಗಳಿಗಿಂತ ಬೇರೆಯಾದ ಹಾಡುಗಳು. ಗಾಯಕಿ ಹುಡುಕುತ್ತಿದ್ದದ್ದೂ ಅದನ್ನೇ.

ಹಾಡುಗಳು ಕಂಪನಿಯ ಮೂಲಕ ಬಂದವು. ಕಂಪನಿ ನೋಡಿರುತ್ತದೆ ಎಂದು ಗಾಯಕಿ ನಂಬಿದರು. ಗಾಯಕಿ ಮೆಚ್ಚಿದ್ದಾರೆ ಎಂದು ಕಂಪನಿ ಮುಂದುವರಿದಿರಬೇಕು ಎಂಬುದು ನನ್ನ ಊಹೆ. ಇಂಥ ಕಡೆ ಯಾರೂ ಕೆಟ್ಟವರಾಗಬೇಕಿಲ್ಲ. ಇಬ್ಬರೂ ಮತ್ತೊಬ್ಬರು ಬಾಗಿಲು ಹಾಕಿರುತ್ತಾರೆ ಎಂದು ಮಲಗಿದರೆ ಸಾಕು.

ಯಾವ ದೇಶದಲ್ಲಿಯೂ ಹಾಡಿನ ಒಡೆತನವನ್ನು ಮೊದಲೇ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಇಲ್ಲ ಎಂಬುದು ಹೊರಗಿನವರಿಗೆ ಆಶ್ಚರ್ಯ ತರಬಹುದು. ಹಾಡು ಹುಟ್ಟಿದ ಕ್ಷಣಕ್ಕೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಕೊರಿಯಾ 1996ರಲ್ಲಿ ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ್ದರಿಂದ ಕೆನಡಾದಲ್ಲಿಯೋ ಬ್ರಿಟನ್ನಿನಲ್ಲಿಯೋ ಹುಟ್ಟಿದ ಹಾಡಿಗೂ ಅಲ್ಲಿ ರಕ್ಷಣೆ ಇದೆ. ರಾಯಧನ ಹಂಚುವ ಸಂಘಗಳು, ನಮ್ಮಲ್ಲಿನ ಐಪಿಆರ್‌ಎಸ್ ಸೇರಿದಂತೆ, ಸದಸ್ಯರು ಇದು ನನ್ನದು ಎಂದು ಬರೆದುಕೊಟ್ಟದ್ದನ್ನು ದಾಖಲಿಸುತ್ತವೆ. ಹೀಗಾಗಿ ಇಡೀ ವ್ಯವಹಾರ ಒಂದು ಮಾತಿನ ಮೇಲೆ ನಿಂತಿರುತ್ತದೆ. ಆ ಮಾತು ಸುಳ್ಳಾದರೆ ಕೆಳಗೆ ಬೇರೆ ನೆಲವಿಲ್ಲ.

ಏಪ್ರಿಲ್

ಆಲ್ಬಮ್ 2010ರ ಏಪ್ರಿಲ್ 12ರಂದು ಬಿಡುಗಡೆಯಾಯಿತು. ಯೋಜನೆಗೆ ಮೊದಲ ಪೆಟ್ಟು ಬಿದ್ದದ್ದು ಸಂಗೀತಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ. ಮಾರ್ಚ್ 26ರಂದು ಕೊರಿಯಾದ ನೌಕಾಪಡೆಯ ಚೊನಾನ್ ಹಡಗು ಮುಳುಗಿ 46 ನಾವಿಕರು ಪ್ರಾಣ ಕಳೆದುಕೊಂಡಿದ್ದರು. ದೇಶ ಶೋಕದಲ್ಲಿತ್ತು. ದೊಡ್ಡ ವಾಹಿನಿಗಳು ಹಲವು ವಾರ ಸಂಗೀತ ಕಾರ್ಯಕ್ರಮಗಳನ್ನು ಪ್ರಸಾರ ಮಾಡಲಿಲ್ಲ. ಅದೇ ತಿಂಗಳು ಹೊಸ ಹಾಡಿನೊಂದಿಗೆ ಬಂದವರಿಗೆಲ್ಲ ವೇದಿಕೆ ಇಲ್ಲದಂತಾಯಿತು. ಹಾಗಿದ್ದರೂ ಮುಖ್ಯ ಹಾಡು ಜನರನ್ನು ಮುಟ್ಟಿತು.

ಆ ಮುಖ್ಯ ಹಾಡು ವಿವಾದದ ಸಂಯೋಜಕನದಲ್ಲ. ಕದ್ದ ಹಾಡುಗಳಲ್ಲಿ ಅದು ಸೇರಿರಲಿಲ್ಲ. ಈ ಅಂಶವನ್ನು ಅನೇಕರು ಮರೆತೇಬಿಟ್ಟಿದ್ದಾರೆ, ನನಗೆ ಅದು ನೋವಿನ ಸಂಗತಿ. ಅದನ್ನು ನಿಜವಾಗಿ ಕಟ್ಟಿದವರ ದುಡಿಮೆಯೂ ಪಕ್ಕದ ಹಾಡುಗಳ ಕೊಳೆಯಲ್ಲಿ ಮುಳುಗಿಹೋಯಿತು.

ಬಿಡುಗಡೆಯಾಗಿ ಹೆಚ್ಚು ದಿನ ಆಗಿರಲಿಲ್ಲ, ಅಂತರ್ಜಾಲದ ಕೇಳುಗರು ಮೂಲ ಹಾಡುಗಳನ್ನು ಹುಡುಕಿ ತೆಗೆಯತೊಡಗಿದರು. ಕೆನಡಾದ ಹುಡುಗಿಯರ ತಂಡವೊಂದು ಹಾಡಿದ ಹಾಡು ಮೊದಮೊದಲು ಸಿಕ್ಕವುಗಳಲ್ಲಿ ಒಂದು. ನಂತರ ಒಂದರ ಹಿಂದೆ ಒಂದು. ಇಂಥ ಹೋಲಿಕೆಯನ್ನು ಪರೀಕ್ಷಿಸುವುದಕ್ಕೆ ಸಂಗೀತ ಶಾಸ್ತ್ರ ಬೇಕಿಲ್ಲ. ಇಯರ್‌ಫೋನಿನ ಎಡಗಿವಿಗೆ ಒಂದು ಹಾಡು, ಬಲಗಿವಿಗೆ ಇನ್ನೊಂದು ಬರುವಂತೆ ಜೋಡಿಸಿ, ಎರಡರ ಮೊದಲ ತಾಳವನ್ನು ಒಂದೇ ಗೆರೆಗೆ ತಂದು ಕೇಳಿದರೆ ಸಾಕು. ಸ್ವರಗಳ ಹೋಲಿಕೆ ಎಂಬುದು ಒಂದು, ಉಸಿರು ತೆಗೆದುಕೊಳ್ಳುವ ಜಾಗವೂ ಒಂದೇ ಆಗಿರುವುದು ಇನ್ನೊಂದು. ಎರಡನೆಯದು ಕಂಡುಬಂದರೆ ವಾದಕ್ಕೆ ಹೆಚ್ಚು ಉಳಿಯುವುದಿಲ್ಲ. ತರಗತಿ ಮುಗಿಸಿ ಬಂದ ಸಂಜೆ ಯಾರೋ ಒಬ್ಬ ವಿದ್ಯಾರ್ಥಿ ಮಾಡಬಲ್ಲ ಪರೀಕ್ಷೆ ಇದು.

ಸಂಯೋಜಕ ಕೊಟ್ಟ ವಿವರಣೆ ಹೀಗಿತ್ತು: ಹಾಡುಗಳು ತನ್ನವೇ, ತಾನು ಮೊದಲೇ ಮಾಡಿದ್ದ ಮಾದರಿ ಹಾಡುಗಳು ಸೋರಿಕೆಯಾಗಿ ವಿದೇಶಿ ಗಾಯಕರ ಕೈಸೇರಿವೆ. ನಮ್ಮ ಚಿತ್ರಸಂಗೀತವನ್ನು ಬಲ್ಲವರಿಗೆ ಇದು ಅರ್ಥವಾಗುವ ಮಾತು. ದೊಡ್ಡ ಗಾಯಕರು ಬರುವ ಮೊದಲು ಬೇರೊಬ್ಬರಿಂದ ಟ್ರ್ಯಾಕ್ ಹಾಡಿಸಿ ಇಡುವುದು ಗಾಂಧಿನಗರದಲ್ಲಿಯೂ ರೂಢಿ. ಆ ಟ್ರ್ಯಾಕ್ ಯಾರದೋ ಪೆನ್‌ಡ್ರೈವ್‌ನಿಂದ ಹೊರಗೆ ಹೋಗುವುದು ಅಸಾಧ್ಯವೇನಲ್ಲ. ಆದ್ದರಿಂದ ವಿವರಣೆ ಕೇಳಿದ ಕೂಡಲೇ ಸುಳ್ಳೆನಿಸುವಂತಿರಲಿಲ್ಲ. ಕಂಪನಿ ಅದನ್ನೇ ಹೊರಗೆ ಹೇಳಿತು. ಗಾಯಕಿಯೂ ನಂಬಿದರು.

ನಂಬಿದ್ದು ಎಲ್ಲಿ ತಪ್ಪಾಯಿತು

ಇಲ್ಲಿಯೇ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಈ ಪ್ರಕರಣ ಹೇಳಿದರೆ ಸಾಮಾನ್ಯವಾಗಿ ಜನ ಕದ್ದವನನ್ನು ಬೈದು ಮುಗಿಸುತ್ತಾರೆ. ಕದ್ದವನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಕಲಿಯಬೇಕಾದದ್ದು ಕದ್ದ ಮಾಲು ಮನೆಯಲ್ಲಿದೆ ಎಂಬ ಅನುಮಾನ ಬಂದ ಮೇಲೆ ಮನೆಯವರು ಏನು ಮಾಡಿದರು ಎಂಬುದನ್ನು.

ಒಂದು ಹಾಡಿನ ಟ್ರ್ಯಾಕ್ ಸೋರಿಕೆಯಾಗಬಹುದು. ಎರಡೂ ಆಗಬಹುದು ಎಂದಿಟ್ಟುಕೊಳ್ಳೋಣ. ಆದರೆ ಹೆಸರೇ ಇಲ್ಲದ ಒಬ್ಬ ಸಂಯೋಜಕನ ಆರು ಹಾಡುಗಳು, ಒಬ್ಬರಿಗೊಬ್ಬರು ಪರಿಚಯವಿಲ್ಲದ ಬೇರೆ ಬೇರೆ ಗಾಯಕರ ಕೈಗೆ ಹೋಗಿ, ಅವರೆಲ್ಲರೂ ಅವನ್ನು ಮೊದಲೇ ಹಾಡಿಬಿಟ್ಟಿದ್ದರು ಎಂದರೆ? ಪ್ರತಿ ಹಾಡಿನ ವಿವರಣೆಯನ್ನು ಬಿಡಿಬಿಡಿಯಾಗಿ ಕೇಳಿದರೆ ನಂಬಬಹುದಿತ್ತು. ಆರನ್ನೂ ಒಂದು ಕಾಗದದ ಮೇಲೆ ಬರೆದು ಮೇಜಿನ ಮೇಲಿಟ್ಟಿದ್ದರೆ ಕಥೆ ಆ ಗಳಿಗೆಯಲ್ಲೇ ಕುಸಿಯುತ್ತಿತ್ತು. ದೂರುಗಳು ಒಂದೊಂದಾಗಿ ಬಂದವು, ಉತ್ತರಗಳೂ ಒಂದೊಂದಾಗಿಯೇ ಹೋದವು. ತೇಪೆಯ ಮೇಲೆ ತೇಪೆ ಹಾಕುವಾಗ ಬಟ್ಟೆ ಎಷ್ಟು ಉಳಿದಿದೆ ಎಂದು ಯಾರೂ ನೋಡುವುದಿಲ್ಲ.

ಎರಡನೆಯ ತಪ್ಪು, ಆರೋಪಿಯನ್ನೇ ಸಾಕ್ಷಿ ಮಾಡಿಕೊಂಡದ್ದು. ಹಾಡು ಯಾರದು ಎಂಬ ಪ್ರಶ್ನೆಗೆ ಮೊದಲ ಉತ್ತರ ಬಂದದ್ದು ಆತನಿಂದಲೇ. ಕೆನಡಾದ ತಂಡಕ್ಕೆ, ಉಳಿದ ವಿದೇಶಿ ಗಾಯಕರಿಗೆ ಅದೇ ವಾರ ಪತ್ರ ಬರೆದು ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. ಪರಿಶೀಲಿಸುತ್ತಿದ್ದೇವೆ ಎನ್ನುವುದಕ್ಕೂ, ಹಾಡು ನಮ್ಮ ಸಂಯೋಜಕನದೇ ಎನ್ನುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಮೊದಲನೆಯದರಿಂದ ಹಿಂದೆ ಸರಿಯುವ ಅವಶ್ಯಕತೆಯೇ ಬರುವುದಿಲ್ಲ.

ನಮ್ಮ ಸ್ಟುಡಿಯೊಗೆ ಕೆಲ ವರ್ಷಗಳ ಹಿಂದೆ ಒಬ್ಬ ತರುಣ ನಾಲ್ಕು ಟ್ಯೂನ್ ತಂದಿದ್ದ. ಕೇಳಿದವರೆಲ್ಲ ತಲೆದೂಗಿದರು. ನಾನು ಕೇಳಿದ್ದು ಒಂದೇ: “ಇದರ ಬಿಡಿ ಟ್ರ್ಯಾಕ್‌ಗಳನ್ನು ತೋರಿಸಪ್ಪ.” ಹಾಡು ಕಟ್ಟಿದವನ ಕಂಪ್ಯೂಟರಿನಲ್ಲಿ ತಬಲಾ ಬೇರೆ, ಬೇಸ್ ಬೇರೆ, ಕೀಬೋರ್ಡ್ ಬೇರೆ, ಬಿಟ್ಟುಬಿಟ್ಟ ಪಲ್ಲವಿ, ಹಾಡಿ ಕೆಡಿಸಿದ ಸಾಲು ಎಲ್ಲವೂ ತಾರೀಖಿನೊಂದಿಗೆ ಇರುತ್ತವೆ. ಎತ್ತಿಕೊಂಡು ಬಂದವನ ಹತ್ತಿರ ಮುಗಿದ ಹಾಡು ಮಾತ್ರ ಇರುತ್ತದೆ. ಆ ಹುಡುಗ ಮರುದಿನ ಹಾರ್ಡ್‌ಡಿಸ್ಕ್ ತಂದ. ಹನ್ನೊಂದು ಸಲ ಬದಲಾಯಿಸಿದ ಒಂದು ಚರಣವನ್ನು ಸಾಲಾಗಿ ಕೇಳಿಸಿದ. ಆರನೆಯ ಸಲದ್ದು ಅಂತಿಮವಾದದ್ದಕ್ಕಿಂತ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ನನ್ನ ಪ್ರಶ್ನೆಯಿಂದ ಅವನಿಗೆ ಅವಮಾನವೇನೂ ಆಗಲಿಲ್ಲ, ತನ್ನ ದುಡಿಮೆಯನ್ನು ಯಾರೋ ನೋಡುತ್ತಿದ್ದಾರೆ ಎಂದು ಹಿಗ್ಗಿದ. ಮುಗಿದ ಕೃತಿಯನ್ನು ಯಾರು ಬೇಕಾದರೂ ತನ್ನದೆನ್ನಬಹುದು, ಅದರ ಗರ್ಭದ ಗುರುತುಗಳನ್ನು ತೋರಿಸಲಾಗುವುದು ಹೆತ್ತವರಿಗೆ ಮಾತ್ರ.

ಅಡ್ಡಿಯಾದದ್ದು ಬೇಜವಾಬ್ದಾರಿ ಎಂದಷ್ಟೇ ಹೇಳಿದರೆ ನ್ಯಾಯವಾಗದು. ಆ ವಾರಗಳಲ್ಲಿ ಮುಖ್ಯ ಹಾಡಿನ ಪ್ರಚಾರ ನಡೆಯುತ್ತಿತ್ತು. ಹಡಗು ದುರಂತದಿಂದ ಕಳೆದುಹೋದ ವೇದಿಕೆಗಳು ಆಗಷ್ಟೇ ಮರಳುತ್ತಿದ್ದವು. ನರ್ತಕರು, ಉಡುಪಿನವರು, ವಾಹಿನಿಯ ದಿನಾಂಕಗಳು, ಎಲ್ಲವೂ ಓಡುವ ರೈಲಿನ ಹಾಗೆ. ಆ ಹೊತ್ತಿನಲ್ಲಿ ಸರಪಳಿ ಎಳೆಯುವುದು ಸುಲಭವಲ್ಲ. ನಂಬಿಕೆ ಬೇಕಾಗಿದ್ದಾಗ ನಂಬಿಸುವ ವಿವರಣೆ ಸಿಕ್ಕರೆ ಮನುಷ್ಯ ಅದನ್ನು ತಿರುಗಿಸಿ ನೋಡುವುದಿಲ್ಲ. ಗಾಯಕಿಯ ಜಾಗದಲ್ಲಿ ನಾನಿದ್ದರೂ ಮೊದಲ ವಾರ ನಂಬುತ್ತಿದ್ದೆನೇನೋ. ಮೂರನೆಯ ವಾರದ ಹೊತ್ತಿಗೆ ನಂಬುತ್ತಿರಲಿಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಜೂನ್ 20

ಒಳಗೊಳಗೆ ತನಿಖೆ ನಡೆಯಿತು. ಮೂಲ ಹುಡುಕುತ್ತ ಹೋದಂತೆ ಹಾಡುಗಳು ಆ ಸಂಯೋಜಕನವಲ್ಲ ಎಂಬುದು ಖಚಿತವಾಯಿತು. ಜೂನ್ 20ರಂದು ಗಾಯಕಿ ತಮ್ಮ ಅಭಿಮಾನಿಗಳ ಅಂತರ್ಜಾಲ ಕೂಟದಲ್ಲಿ ತಾವೇ ಒಂದು ಪತ್ರ ಬರೆದರು. ಪತ್ರಿಕಾಗೋಷ್ಠಿ ಕರೆಯಲಿಲ್ಲ, ವಕೀಲರ ಹೇಳಿಕೆ ಬರಲಿಲ್ಲ.

ಆ ಪತ್ರದ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸೋರಿಕೆಯ ಮಾತನ್ನು ಮೊದಲು ನಂಬಿದ್ದೆ, ಕಂಪನಿಯ ಮೂಲಕ ಬಂದ ಹಾಡುಗಳಾದ್ದರಿಂದ ಅನುಮಾನವೇ ಬಂದಿರಲಿಲ್ಲ, ಆದರೆ ಹಾಡುಗಳು ಆತನವಲ್ಲ ಎಂದು ಈಗ ತಿಳಿದಿದೆ. ಮೂಲ ರಚನೆಕಾರರನ್ನು ಸಂಪರ್ಕಿಸುತ್ತಿದ್ದೇವೆ. ಎರಡು ಹಾಡುಗಳ ಮೂಲದವರು ಸಿಕ್ಕಿದ್ದು ಮಾತುಕತೆ ನಡೆದಿದೆ. ಉಳಿದವುಗಳಲ್ಲಿ ಅವನ್ನು ಹಾಡಿದ ವಿದೇಶಿ ಗಾಯಕರೇ ರಚನೆಕಾರರಲ್ಲದ ಕಾರಣ ನಿಜವಾದ ಒಡೆಯರನ್ನು ಹುಡುಕಲು ಸಮಯ ಬೇಕು. ನೈತಿಕ ಹೊಣೆ ನನ್ನದು. ಇದು ಬಗೆಹರಿಯುವ ತನಕ ಎರಡನೆಯ ಹಾಡಿನ ಪ್ರಚಾರ ನಡೆಸುವುದಿಲ್ಲ. ವೇದಿಕೆಗೆ ಬಂದು ಹನ್ನೆರಡು ವರ್ಷವಾಗಿದೆ, ಆ ಅನುಭವಕ್ಕೆ ತಕ್ಕ ಜವಾಬ್ದಾರಿಯಿಂದ ಇದನ್ನು ಮುಗಿಸುತ್ತೇನೆ.

ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಉಳಿದ ಹಾಡುಗಳ ಮಾತು. ಕ್ಷಮೆಯಾಚನೆ ಎಂದರೆ ಸಾಮಾನ್ಯವಾಗಿ ಮನಸ್ಸಿಗೆ ನೋವಾಗಿದ್ದರೆ ಎಂದು ಶುರುವಾಗಿ ಅಲ್ಲೇ ಮುಗಿಯುತ್ತದೆ. ಇಲ್ಲಿ ಲೆಕ್ಕ ಇತ್ತು. ಎಷ್ಟು ಗೊತ್ತಾಗಿದೆ, ಎಷ್ಟು ಗೊತ್ತಾಗಿಲ್ಲ, ಗೊತ್ತಾಗದಿರುವುದು ಯಾಕೆ ಎಂದು ಬಿಡಿಸಿ ಹೇಳಿದ್ದರು. ಹಾಡಿದವರು ಬೇರೆ, ರಚಿಸಿದವರು ಬೇರೆ ಎಂಬ ತೊಡಕನ್ನು ಅಭಿಮಾನಿಗಳಿಗೆ ಅರ್ಥವಾಗುವಂತೆ ವಿವರಿಸಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಮಾತಿನ ಜೊತೆಗೆ ತಾವೇ ಒಂದು ನಷ್ಟವನ್ನು ಬರಮಾಡಿಕೊಂಡರು. ಎರಡನೆಯ ಹಾಡನ್ನು ಕೈಬಿಟ್ಟಾಗ ಮರುಪ್ರವೇಶದ ಯೋಜನೆ ಅಲ್ಲಿಗೇ ನಿಂತಿತು. ಯಾರೂ ಅವರನ್ನು ವೇದಿಕೆಯಿಂದ ಇಳಿಸಿರಲಿಲ್ಲ.

ಪತ್ರ ತಡವಾಯಿತು ಎಂಬ ಟೀಕೆ ಬಂತು. ಅದು ಸರಿಯಾದ ಟೀಕೆ. ಬಿಡುಗಡೆಗೂ ಒಪ್ಪಿಗೆಗೂ ನಡುವೆ ಹತ್ತು ವಾರ ಕಳೆದಿದ್ದವು. ಮುಖ್ಯ ಹಾಡಿನ ಫಲವನ್ನೆಲ್ಲ ಉಂಡ ಮೇಲೆ ಒಪ್ಪಿಕೊಂಡರು ಎಂದು ಜನ ಹೇಳಿದರೆ ಅವರನ್ನು ದೂರುವಂತಿಲ್ಲ. 2006ರ ಹಳೆಯ ಕಥೆಯೂ ಎದ್ದು ಬಂತು. ಒಮ್ಮೆ ಮೋಸಹೋದವರಿಗೆ ಕನಿಕರ ಸಿಗುತ್ತದೆ, ಎರಡನೆಯ ಸಲಕ್ಕೆ ನೀನೇಕೆ ನೋಡಿಕೊಳ್ಳಲಿಲ್ಲ ಎಂಬ ಪ್ರಶ್ನೆ ಸಿಗುತ್ತದೆ. ನಾಲ್ಕು ವರ್ಷಗಳ ಹಿಂದೆ ಇದೇ ಬೆಂಕಿಯಲ್ಲಿ ಕೈಸುಟ್ಟುಕೊಂಡವರು ಹಾಡಿನ ಮೂಲ ಕೇಳುವ ಒಂದು ಕಟ್ಟುನಿಟ್ಟಿನ ಪದ್ಧತಿಯನ್ನು ಮಾಡಿಕೊಂಡಿರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವರು ಮೋಸಹೋದವರೋ, ಹೊಣೆಗಾರರೋ? ಎರಡೂ ಹೌದು. ಬರಿಯ ಗಾಯಕಿಯಾಗಿದ್ದರೆ ಕೊಟ್ಟದ್ದನ್ನು ಹಾಡಿದೆ ಎನ್ನಬಹುದಿತ್ತು. ಆಲ್ಬಮ್ ಕಟ್ಟಿದವರು ನಾನು ಎಂದು ಹೆಸರು ಹಾಕಿಕೊಂಡ ಮೇಲೆ ಆ ದಾರಿ ಮುಚ್ಚಿತು. ಹೆಸರು ತರುವ ಗೌರವ ಮಾತ್ರ ನನಗೆ, ಅದರ ಹೊರೆ ಬೇರೆಯವರಿಗೆ ಎನ್ನಲಾಗದು. ಆ ಪತ್ರದಲ್ಲಿ ಅವರು ಹಾಗೆ ಅನ್ನಲೂ ಇಲ್ಲ.

ಆಮೇಲೆ

ಕಂಪನಿ ಸಂಯೋಜಕನ ಮೇಲೆ ದೂರು ಕೊಟ್ಟಿತು. ವಿದೇಶಿ ಹಾಡುಗಳನ್ನು ತನ್ನದೆಂದು ಮಾರಿ ವಂಚಿಸಿದ ಆರೋಪ ಸಾಬೀತಾಗಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಿಯೋಲ್‌ನ ನ್ಯಾಯಾಲಯ ಆತನಿಗೆ ಒಂದೂವರೆ ವರ್ಷ ಜೈಲು ಶಿಕ್ಷೆ ವಿಧಿಸಿತು. ಕೃತಿಚೌರ್ಯ ಎಂದರೆ ಹಣ ಕೊಟ್ಟು ಬಗೆಹರಿಸಿಕೊಳ್ಳುವ ಸಿವಿಲ್ ವ್ಯಾಜ್ಯ ಎಂದೇ ಎಲ್ಲರೂ ಭಾವಿಸುತ್ತಾರೆ. ಇಲ್ಲಿ ಅದು ಕ್ರಿಮಿನಲ್ ಶಿಕ್ಷೆಯಲ್ಲಿ ಮುಗಿಯಿತು. ಎರಡು ಹಾಡುಗಳ ನಡುವಿನ ಹೋಲಿಕೆಯ ಸೂಕ್ಷ್ಮ ಚರ್ಚೆ ಇದಾಗಿರಲಿಲ್ಲ. ಇಲ್ಲದ ಒಡೆತನವನ್ನು ಮಾರಿದ ವ್ಯವಹಾರವಾಗಿತ್ತು.

ಕದ್ದವನು ಜೈಲಿಗೆ ಹೋದ ಮಾತ್ರಕ್ಕೆ ಗಾಯಕಿಯ ಲೆಕ್ಕ ಚುಕ್ತಾ ಆಗಲಿಲ್ಲ. ಹಿಂದಿನ ವರ್ಷವೇ ಅವರು ಒಂದು ಅಂತರ್ಜಾಲ ವ್ಯಾಪಾರ ಸಂಸ್ಥೆಯ ಜಾಹೀರಾತಿಗೆ ಸಹಿ ಹಾಕಿದ್ದರು. ವಿವಾದದಿಂದ ತನ್ನ ಜಾಹೀರಾತಿಗೆ ನಷ್ಟವಾಯಿತೆಂದು ಆ ಸಂಸ್ಥೆ ಮೊಕದ್ದಮೆ ಹೂಡಿತು. ನ್ಯಾಯಾಲಯ ಬೇಡಿಕೆಯನ್ನು ಭಾಗಶಃ ಒಪ್ಪಿ ಸುಮಾರು 19 ಕೋಟಿ ವೊನ್ ಕೊಡಬೇಕೆಂದು ಆದೇಶಿಸಿತು. ಒಪ್ಪಂದಗಳನ್ನು ನೋಡುವ ನನ್ನಂಥವರು ಈ ಭಾಗವನ್ನು ಎರಡು ಸಲ ಓದಬೇಕು. ತಾರೆಯ ಜಾಹೀರಾತು ಒಪ್ಪಂದದಲ್ಲಿ ಹೆಸರಿಗೆ ಕಳಂಕ ತರಬಾರದು ಎಂಬ ಷರತ್ತು ಎಲ್ಲೆಡೆ ಇರುತ್ತದೆ. ಸಹಿ ಹಾಕುವಾಗ ಅದು ಕುಡಿತ, ಜೂಜು, ಜಗಳಗಳ ಕುರಿತದ್ದು ಎಂದು ತಾರೆಯರು ತಿಳಿಯುತ್ತಾರೆ. ಬೇರೆ ಯಾರೋ ಕದ್ದ ಹಾಡು ತನ್ನ ಆಲ್ಬಮ್‌ನಲ್ಲಿ ಸೇರಿಕೊಂಡರೂ ಆ ಷರತ್ತು ಮುಳ್ಳಾಗಬಹುದು ಎಂದು ಯೋಚಿಸುವವರು ಕಡಿಮೆ. ಹಾಗೆಯೇ, ಹಾಡು ಕೊಡುವವನಿಂದ ಇದು ನನ್ನ ಸ್ವಂತ ಕೃತಿ, ತಕರಾರು ಬಂದರೆ ನಷ್ಟ ತುಂಬಿಕೊಡುತ್ತೇನೆ ಎಂದು ಬರೆಸಿಕೊಳ್ಳುವುದು ಎಲ್ಲ ಕಡೆಯ ವಾಡಿಕೆ. ನಾವೂ ಬರೆಸಿಕೊಳ್ಳುತ್ತೇವೆ. ಆದರೆ ಆ ಕಾಗದದ ಬೆಲೆ ಬರೆದುಕೊಟ್ಟವನ ಜೇಬಿನಷ್ಟೇ. ಹೊಸಬನೊಬ್ಬನಿಂದ ಅರ್ಧ ಆಲ್ಬಮ್ ತೆಗೆದುಕೊಂಡರೆ, ಆ ಖಾತರಿ ಗೋಡೆಗೆ ಹಚ್ಚಿದ ಸುಣ್ಣದ ಹಾಗೆ, ಮಳೆ ಬರುವ ತನಕ ಚಂದ. ಈಗ ನಾನು ಹೊಸಬರಿಂದ ಮೊದಲು ಒಂದೇ ಹಾಡು ತೆಗೆದುಕೊಳ್ಳಿ, ಅದು ಹೊರಗೆ ಬಂದು ಆರು ತಿಂಗಳು ಗಾಳಿ ಕುಡಿಯಲಿ, ಆಮೇಲೆ ಉಳಿದದ್ದು ಎಂದು ನಮ್ಮವರಿಗೆ ಹೇಳುತ್ತೇನೆ. ಎಲ್ಲರೂ ಕೇಳುವುದಿಲ್ಲ.

ಗಾಯಕಿ ಸುಮಾರು ಮೂರು ವರ್ಷ ಹೊಸ ಆಲ್ಬಮ್ ಮಾಡಲಿಲ್ಲ. ಆ ಕಾಲ ಎಷ್ಟು ಕಷ್ಟದ್ದಾಗಿತ್ತು ಎಂದು ನಂತರ ಟಿವಿ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕಂಪನಿ ಬದಲಾಯಿಸಿದರು. ಅನಾಥ ಪ್ರಾಣಿಗಳ ಆಶ್ರಯತಾಣದಿಂದ ಒಂದು ನಾಯಿಯನ್ನು ಮನೆಗೆ ತಂದರು, ಪ್ರಾಣಿ ದಯೆಯ ಕೆಲಸದಲ್ಲಿ ತೊಡಗಿದರು, ಮಾಂಸ ಬಿಟ್ಟರು. ಇದನ್ನು ಕೆಲವರು ಬಿದ್ದ ಹೆಸರನ್ನು ಎತ್ತುವ ಉಪಾಯ ಎಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ಉಪಾಯವಾಗಿದ್ದರೆ ಒಂದು ವರ್ಷಕ್ಕೆ ಮುಗಿಯುತ್ತಿತ್ತು. ಅವರು ಅದನ್ನು ಹಾಡುಗಳಿಗಿಂತ ಹೆಚ್ಚು ಕಾಲ ನಡೆಸಿಕೊಂಡು ಬಂದರು, ಮುಂದೆ ವರ್ಷಗಳ ಕಾಲ ವಾಣಿಜ್ಯ ಜಾಹೀರಾತುಗಳಿಂದ ದೂರವೂ ಉಳಿದರು. ಮುಖಕ್ಕೆ ಹಾಡಿಗಿಂತ ಹೆಚ್ಚು ಬೆಲೆ ಇದ್ದ ತಾರೆ ಆ ಬೆಲೆಯನ್ನೇ ಬಿಟ್ಟುಕೊಟ್ಟರು.

ಈ ಮೌನದ ಉದ್ದವೂ ಒಂದು ನಿರ್ಧಾರವೇ. ಹಗರಣವಾದ ಆರು ತಿಂಗಳಿಗೆ ಹೊಸ ಹಾಡು ಬಿಟ್ಟು ಹಳೆಯದನ್ನು ಮರೆಸುವ ಪ್ರಯತ್ನ ಈ ಉದ್ಯಮದಲ್ಲಿ ಸಾಮಾನ್ಯ. ಅಭಿಮಾನಿಗಳು ಬೇಡುತ್ತಿರುತ್ತಾರೆ, ಕಂಪನಿಗೆ ಹಾಕಿದ ಬಂಡವಾಳ ಎತ್ತುವ ಅವಸರ ಇರುತ್ತದೆ. ಹಾಗೆ ಬಂದಿದ್ದರೆ ಕೇಳುಗರ ಮೊದಲ ಪ್ರಶ್ನೆ ಇದೂ ಎಲ್ಲಿಂದ ತಂದದ್ದು ಎಂದೇ ಇರುತ್ತಿತ್ತು, ಅದಕ್ಕೆ ಕೊಡಲು ಅವರ ಹತ್ತಿರ ಹೊಸ ಉತ್ತರ ಇರುತ್ತಿರಲಿಲ್ಲ. ಉತ್ತರ ಸಿದ್ಧವಾಗುವುದಕ್ಕೆ ಮೂರು ವರ್ಷ ಹಿಡಿಯಿತು.

2013ರ ಮೇ ತಿಂಗಳಲ್ಲಿ ಐದನೆಯ ಆಲ್ಬಮ್ ಬಂತು. ಅದರಲ್ಲಿ ವಿದೇಶಿ ಸಂಯೋಜಕರ ಹಾಡುಗಳೂ ಇದ್ದವು, ಈ ಸಲ ಅವರವರ ಹೆಸರಿನಲ್ಲಿಯೇ. ಆಲ್ಬಮ್ಮಿಗಿಂತ ಮೊದಲು ಒಂದು ಹಾಡನ್ನು ಮಾತ್ರ ಹೊರಗೆ ಬಿಟ್ಟರು. ಅದು ಕುಣಿತದ ಹಾಡಲ್ಲ, ನಿಧಾನವಾದ, ಸ್ವಲ್ಪ ದಣಿದ ದನಿಯ ಹಾಡು. ಸಾಹಿತ್ಯ ಎಂಬಲ್ಲಿಯೂ ಸಂಗೀತ ಎಂಬಲ್ಲಿಯೂ ಅದರಲ್ಲಿ ಒಂದೇ ಹೆಸರಿತ್ತು, ಗಾಯಕಿಯದೇ.